ಚಾಕೊಲೇಟಿಗೆ ಜೊತೆ: ದ್ರಾಕ್ಷಾಮದ್ಯವೋ ಒಣದ್ರಾಕ್ಷಿಯೋ?

ಫೆಬ್ರವರಿ ತಿಂಗಳು ಬಂದಿತೆಂದರೆ ಚಾಕೊಲೇಟಿನ ಜಾಹೀರಾತುಗಳು ರಾಯಬಾಗದ ಪೇಟೆಯ ಅಂಗಡಿಗಳವರೆಗೂ ಬಂದು ಮುಟ್ಟುತ್ತವೆ. ಆ ತಿಂಗಳ ೧೪ನೆಯ ದಿನವನ್ನು ಪ್ರೇಮಿಗಳ ದಿನವೆಂದು ಆಚರಿಸುವ ರೂಢಿ ಪಶ್ಚಿಮ ದೇಶಗಳಿಂದ ಬಂದದ್ದು. ಅದರ ಬೆನ್ನಿಗೇ ಇನ್ನೊಂದು ಉಪದೇಶವೂ ಬಂದಿದೆ: ಅಂದಿನ ಸಂಜೆ ದಂಪತಿಗಳು ಮನೆಯಲ್ಲಿಯೇ ದೀಪವನ್ನು ಸಣ್ಣದು ಮಾಡಿಕೊಂಡು ಕುಳಿತು, ವೈನ್ ಎಂದು ಕರೆಯುವ ದ್ರಾಕ್ಷಾಮದ್ಯವನ್ನು ಒಂದು ಬಟ್ಟಲಿನಲ್ಲಿಯೂ ಒಂದಿಷ್ಟು ಚಾಕೊಲೇಟನ್ನು ಒಂದು ತಟ್ಟೆಯಲ್ಲಿಯೂ ಇಟ್ಟುಕೊಂಡು ಒಟ್ಟಿಗೆ ಸವಿಯಬೇಕು, ಈ ಎರಡು ರುಚಿಗಳು ಹೇಳಿ ಮಾಡಿಸಿದ ಜೋಡಿ. ಪತ್ರಿಕೆಗಳ ಪುರವಣಿಗಳಲ್ಲಿ, ಚಲಚ್ಚಿತ್ರಗಳಲ್ಲಿ ಈ ಮಾತು ಎಷ್ಟು ಸಲ ಬಂದಿದೆಯೆಂದರೆ, ದ್ರಾಕ್ಷಾಮದ್ಯವನ್ನು ಕಣ್ಣಿನಿಂದ ಕೂಡ ಕಂಡಿರದ ನಮ್ಮ ಕಾಲೇಜಿನ ತರುಣರೂ ಅದನ್ನು ಸಿದ್ಧಸತ್ಯವೆಂಬಂತೆ ಒಪ್ಪಿಕೊಂಡಿದ್ದಾರೆ.

ಇದೇ ತಿಂಗಳಲ್ಲಿ ಪಕ್ಕದ ಅಥಣಿ ತಾಲ್ಲೂಕಿನ ತೆಲಸಂಗದ ಸುತ್ತಿನ ತೋಟಗಳಲ್ಲಿ ದ್ರಾಕ್ಷಿಯ ಕೊಯ್ಲು ನಡೆದಿರುತ್ತದೆ. ಮಾಘದ ಹುಣ್ಣಿಮೆಯ ಆಸುಪಾಸಿನಲ್ಲಿ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆಯೂ ಸೇರುತ್ತದೆ. ಜಾತ್ರೆಯಿಂದ ಮನೆಗೆ ತಂದ ಸಿಹಿಯ ಪೊಟ್ಟಣದಲ್ಲಿ ದ್ರಾಕ್ಷಿ ಇದ್ದರೆ ಅದು ಒಣದ್ರಾಕ್ಷಿ. ಅದಕ್ಕೆ ಯಾವ ಪುರವಣಿಯಲ್ಲಿಯೂ ಸ್ಥಾನವಿಲ್ಲ. ಅದು ಪಾಯಸಕ್ಕೆ, ಬಾಣಂತಿಯರಿಗೆ, ದೇವರ ಪ್ರಸಾದಕ್ಕೆ ಸಲ್ಲುವ ಪದಾರ್ಥವೆಂದು ತರುಣರ ಭಾವನೆ. ಈ ಮೇಲು ಕೀಳಿನ ಎಣಿಕೆ ರಸಾಯನಶಾಸ್ತ್ರದ ದೃಷ್ಟಿಯಿಂದ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಚಾಕೊಲೇಟಿಗೆ ಸಾಮಾನ್ಯ ದ್ರಾಕ್ಷಾಮದ್ಯವು ಒಳ್ಳೆಯ ಜೊತೆಯಲ್ಲ. ಒಣದ್ರಾಕ್ಷಿಯು ಒಳ್ಳೆಯ ಜೊತೆ.

ಆ ಸಂಜೆಯ ಬಗೆಗೆ ನನ್ನ ಆಕ್ಷೇಪವೇನೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಮಂದಿಯೆಲ್ಲ ಉಂಡಾದ ಮೇಲೆ ಸೊಸೆಯು ಒಲೆಯ ಮುಂದೆ ಒಬ್ಬಳೇ ಕುಳಿತು ಉಣ್ಣುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಉಳಿದಿರುವಾಗ, ಗಂಡಹೆಂಡಿರು ಎದುರುಬದುರು ಕುಳಿತು ಒಂದೇ ತಟ್ಟೆಯಿಂದ ಏನನ್ನಾದರೂ ತಿನ್ನುವುದು ದೊಡ್ಡ ಸುಧಾರಣೆಯೇ ಸರಿ. ನನ್ನ ತಕರಾರು ಇರುವುದು ತಟ್ಟೆಯ ಪಕ್ಕದ ಬಟ್ಟಲಿನ ಬಗೆಗೆ ಮಾತ್ರ.

ದ್ರಾಕ್ಷಿಯ ಹಣ್ಣಿನಲ್ಲಿ ಮುಖ್ಯವಾಗಿ ಇರುವುದು ನೀರು ಮತ್ತು ಸಕ್ಕರೆ. ಚೆನ್ನಾಗಿ ಮಾಗಿದ ಹಣ್ಣಿನ ರಸದಲ್ಲಿ ಶೇಕಡಾ ೨೦ರಿಂದ ೨೪ರಷ್ಟು ಸಕ್ಕರೆ ಇರುತ್ತದೆ. ಇವಲ್ಲದೆ ಸ್ವಲ್ಪ ಹುಳಿ, ಸಿಪ್ಪೆ ಬೀಜಗಳಲ್ಲಿ ಒಗರು, ಅತ್ಯಲ್ಪ ಪ್ರಮಾಣದಲ್ಲಿ ಪರಿಮಳದ ದ್ರವ್ಯಗಳು ಇವೆ. ಈ ಹಣ್ಣನ್ನು ಕೆಡದಂತೆ ಕಾಪಾಡಲು ಮನುಷ್ಯನು ಕಂಡುಕೊಂಡ ಹಳೆಯ ದಾರಿಗಳು ಎರಡು. ಒಂದರಲ್ಲಿ ಸಕ್ಕರೆಯು ಹೋಗುತ್ತದೆ, ನೀರು ಉಳಿಯುತ್ತದೆ, ಅದೇ ದ್ರಾಕ್ಷಾಮದ್ಯ. ಇನ್ನೊಂದರಲ್ಲಿ ನೀರು ಹೋಗುತ್ತದೆ, ಸಕ್ಕರೆಯು ಉಳಿಯುತ್ತದೆ; ಅದೇ ಒಣದ್ರಾಕ್ಷಿ. ನಮ್ಮ ಪ್ರಶ್ನೆಗೆ ಉತ್ತರವೆಲ್ಲ ಈ ಎರಡು ದಾರಿಗಳ ವ್ಯತ್ಯಾಸದಲ್ಲಿಯೇ ಅಡಗಿದೆ.

ಮೊದಲನೆಯ ದಾರಿಯಲ್ಲಿ ಕೆಲಸ ಮಾಡುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ರಸದಲ್ಲಿಯ ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಮಾಡುತ್ತದೆ. ಲೆಕ್ಕದ ಪ್ರಕಾರ ೧೮೦ ಗ್ರಾಂ ಗ್ಲೂಕೋಸಿನಿಂದ ೯೨ ಗ್ರಾಂ ಮದ್ಯಸಾರವೂ ೮೮ ಗ್ರಾಂ ಅನಿಲವೂ ಬರಬೇಕು. ಯೀಸ್ಟ್ ತನ್ನ ಬೆಳವಣಿಗೆಗಾಗಿ ಒಂದಿಷ್ಟನ್ನು ಇಟ್ಟುಕೊಳ್ಳುವುದರಿಂದ ವಾಸ್ತವದಲ್ಲಿ ತುಸು ಕಡಿಮೆ ಬರುತ್ತದೆ. ಶೇಕಡಾ ೨೨ರಷ್ಟು ಸಕ್ಕರೆಯ ರಸವು ಪೂರ್ತಿ ಹುದುಗಿದಾಗ ಶೇಕಡಾ ೧೨ರಿಂದ ೧೩ರಷ್ಟು ಮದ್ಯಸಾರದ ದ್ರವವಾಗುತ್ತದೆ. ಆಗ ಅದರ ಒಂದು ಲೀಟರಿನಲ್ಲಿ ಉಳಿಯುವ ಸಕ್ಕರೆ ಸಾಮಾನ್ಯವಾಗಿ ೪ ಗ್ರಾಮಿಗೂ ಕಡಿಮೆ, ಎಂದರೆ ಒಂದು ಸಣ್ಣ ಚಮಚೆಯಷ್ಟು. ಹುಳಿಯು ಮಾತ್ರ ಬಹಳಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಕೆಂಪು ವೈನಿನಲ್ಲಿ ಸಿಪ್ಪೆ ಬೀಜಗಳ ಒಗರೂ ಸೇರಿಕೊಂಡಿರುತ್ತದೆ. ಸಿಹಿಯ ಹೊದಿಕೆಯನ್ನು ಕಳಚಿದ ಹುಳಿ ಮತ್ತು ಒಗರು ಎಂದು ಅದನ್ನು ವರ್ಣಿಸಬಹುದು. ಇದು ದೋಷವೆಂದು ನಾನು ಹೇಳುತ್ತಿಲ್ಲ. ಮಾಂಸ, ಗಿಣ್ಣು ಮುಂತಾದ ಉಪ್ಪು ಕೊಬ್ಬುಗಳ ಆಹಾರದೊಡನೆ ಅದು ಹೊಂದುತ್ತದೆಂದು ಆ ದೇಶಗಳವರ ಅನುಭವವಿದೆ. ಆದರೆ ಚಾಕೊಲೇಟು ಸಿಹಿಯಾದ ಪದಾರ್ಥ. ಹಾಲಿನ ಚಾಕೊಲೇಟಿನಲ್ಲಿ ತೂಕದ ಅರ್ಧದಷ್ಟು ಸಕ್ಕರೆಯೇ ಇರುತ್ತದೆ. ಶೇಕಡಾ ೭೦ರಷ್ಟು ಕೋಕೋ ಇರುವ ಕಪ್ಪು ಚಾಕೊಲೇಟಿನಲ್ಲಿ ಕೂಡ ಸುಮಾರು ಶೇಕಡಾ ೩೦ರಷ್ಟು ಸಕ್ಕರೆ ಉಂಟು.

ಸಿಹಿಯ ಮೇಲೆ ಹುಳಿಯನ್ನು ಕುಡಿದರೆ ಏನಾಗುತ್ತದೆ? ಇದನ್ನು ತಿಳಿಯಲು ವೈನು ಬೇಕಾಗಿಲ್ಲ. ಗೋಕಾಕದ ಕರದಂಟಿನ ಒಂದು ತುಂಡನ್ನೋ ಬೆಳಗಾವಿಯ ಕುಂದಾವನ್ನೋ ತಿಂದು ಅದರ ಮೇಲೆ ಚಹಾ ಕುಡಿದವರಿಗೆಲ್ಲ ಉತ್ತರ ಗೊತ್ತಿದೆ. ಎಂದಿನಂತೆ ಸಕ್ಕರೆ ಹಾಕಿದ ಚಹವೇ ಸಪ್ಪೆಯಾಗಿ, ತುಸು ಕಹಿಯಾಗಿ ತೋರುತ್ತದೆ; ಚಹಾ ಮಾಡಿದವರು ಸುಮ್ಮನೆ ಬೈಸಿಕೊಳ್ಳುತ್ತಾರೆ. ಬದಲಾದದ್ದು ಚಹವಲ್ಲ, ನಾಲಗೆ. ಯಾವುದೇ ಇಂದ್ರಿಯವು ಒಂದು ಪ್ರಚೋದನೆಗೆ ಕೆಲಕಾಲ ಒಡ್ಡಿಕೊಂಡರೆ ಅದಕ್ಕೆ ಒಗ್ಗಿ ಮಂದವಾಗುತ್ತದೆ. ಬಿಸಿಲಿನಿಂದ ಒಳಗೆ ಬಂದವನಿಗೆ ಮನೆ ಕತ್ತಲೆಯಾಗಿ ಕಾಣುವುದಿಲ್ಲವೆ? ಹಾಗೆಯೇ ಸಿಹಿಗೆ ಒಗ್ಗಿದ ನಾಲಗೆಯು ಮುಂದಿನ ಗುಟುಕಿನಲ್ಲಿರುವ ಅಲ್ಪಸ್ವಲ್ಪ ಸಿಹಿಯನ್ನು ಗುರುತಿಸಲಾರದು. ಆ ಗುಟುಕಿನ ಹುಳಿ ಕಹಿಗಳು ಬೆತ್ತಲೆಯಾಗಿ ಎದ್ದು ನಿಲ್ಲುತ್ತವೆ. ಸಕ್ಕರೆ ಹಾಕಿದ ಚಹಕ್ಕೇ ಈ ಗತಿಯಾದರೆ, ಲೀಟರಿಗೆ ೪ ಗ್ರಾಂ ಸಕ್ಕರೆಯೂ ಇಲ್ಲದ ಹುಳಿ ದ್ರವಕ್ಕೆ ಯಾವ ಗತಿಯಾದೀತು ಎಂಬುದನ್ನು ವಾಚಕರೇ ಊಹಿಸಬಹುದು.

ಒಗರಿನದು ಇನ್ನೊಂದು ಕಥೆ. ಒಗರು ನಿಜವಾಗಿ ಸಿಹಿ ಹುಳಿಗಳಂತಹ ರುಚಿಯಲ್ಲ, ಸ್ಪರ್ಶಕ್ಕೆ ಹತ್ತಿರವಾದ ಅನುಭವ. ನಮ್ಮ ಜೊಲ್ಲಿನಲ್ಲಿರುವ ಕೆಲವು ಪ್ರೋಟೀನುಗಳು ಬಾಯಿಯ ಒಳಮೈಯನ್ನು ಎಣ್ಣೆ ಹಚ್ಚಿದಂತೆ ನುಣುಪಾಗಿ ಇಡುತ್ತವೆ. ಟ್ಯಾನಿನ್ ಎಂಬ ಒಗರು ದ್ರವ್ಯಗಳು ಈ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗರಟುಗಟ್ಟಿಸುತ್ತವೆ. ನುಣುಪು ಹೋಗಿ ನಾಲಗೆಯು ಒರಟಾಗಿ, ಬಾಯಿ ಒಣಗಿ ಮುದುಡಿದಂತೆ ಆಗುತ್ತದೆ. ಎಳೆಯ ಬಾಳೆಕಾಯಿಯನ್ನೋ ಜಾಲಿಯ ತೊಗಟೆಯನ್ನೋ ಕಚ್ಚಿ ನೋಡಿದ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ಕೆಂಪು ವೈನಿನಲ್ಲಿಯೂ ಟ್ಯಾನಿನ್ ಉಂಟು, ಕೋಕೋ ಬೀಜದಲ್ಲಿಯೂ ಅದೇ ಕುಲದ ದ್ರವ್ಯಗಳು ಹೇರಳವಾಗಿವೆ. ಎರಡನ್ನೂ ಕೂಡಿಸಿದರೆ ಒಗರಿಗೆ ಒಗರು ಸೇರುತ್ತದೆಯೇ ಹೊರತು ಕಳೆಯುವುದಿಲ್ಲ. ಕೋಕೋವಿನ ಕೊಬ್ಬು ನಾಲಗೆಯ ಮೇಲೆ ಪದರವಾಗಿ ಹರಡಿ ಒಗರನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ಹಾಲಿನ ಚಾಕೊಲೇಟಿನಲ್ಲಿ ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ ಎಂಬುದು ನಿಜ. ಚಹಕ್ಕೆ ಹಾಲು ಬೆರೆಸಿದರೆ ಒಗರು ತಗ್ಗುವುದೂ ಈ ಕಾರಣದಿಂದಲೇ. ಆದರೆ ಜೋಡಿಯ ಪಕ್ಷ ವಹಿಸಿದವರು ಹೊಗಳುವುದು ಹೆಚ್ಚಾಗಿ ಕಪ್ಪು ಚಾಕೊಲೇಟು ಮತ್ತು ಕೆಂಪು ವೈನುಗಳನ್ನು. ಅಲ್ಲಿ ಹಾಲೂ ಇಲ್ಲ, ಸಾಕಷ್ಟು ಸಿಹಿಯೂ ಇಲ್ಲ.

ಹಾಗಾದರೆ ಯುರೋಪಿನ ಪರಿಣತರಿಗೆ ಇದು ತಿಳಿಯದೆ? ಚೆನ್ನಾಗಿ ತಿಳಿದಿದೆ. ಕುಡಿಯುವ ವೈನು ತಿನ್ನುವ ಸಿಹಿಗಿಂತ ಸಿಹಿಯಾಗಿರಬೇಕು ಎಂಬುದು ಅವರಲ್ಲಿ ರೂಢವಾದ ನಿಯಮ. ಆದ್ದರಿಂದಲೇ ಅವರು ಚಾಕೊಲೇಟಿಗೆ ಸೂಚಿಸುವುದು ಊಟದ ವೈನನ್ನಲ್ಲ. ಪೋರ್ಚುಗಲ್ಲಿನ ಪೋರ್ಟ್, ಫ್ರಾನ್ಸಿನ ಬನ್ಯೂಲ್ಸ್ ಮೊದಲಾದವನ್ನು. ಪೋರ್ಟಿನ ತಯಾರಿಕೆಯಲ್ಲಿ ಸಕ್ಕರೆಯೆಲ್ಲ ಮುಗಿಯುವ ಮೊದಲೇ ದ್ರಾಕ್ಷಿಯಿಂದ ಬಟ್ಟಿಯಿಳಿಸಿದ ಮದ್ಯವನ್ನು ಸುರಿದು ಯೀಸ್ಟನ್ನು ಕೊಂದುಬಿಡುತ್ತಾರೆ. ಲೀಟರಿಗೆ ಸುಮಾರು ೧೦೦ ಗ್ರಾಂ ಸಕ್ಕರೆ ಹಾಗೆಯೇ ಉಳಿಯುತ್ತದೆ. ಇಟಲಿಯ ವೆನೆತೊ ಪ್ರಾಂತದಲ್ಲಿ ರೆಚೊತೊ ಎಂಬುದನ್ನು ಮಾಡಲು ಗೊಂಚಲುಗಳನ್ನು ಅಟ್ಟಗಳ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಹಿಂಡುತ್ತಾರೆ. ಸ್ಪೇನಿನ ದಕ್ಷಿಣದಲ್ಲಿ ಪೇದ್ರೊ ಹಿಮೆನೆಸ್ ಎಂಬ ಜಾತಿಯ ದ್ರಾಕ್ಷಿಯನ್ನು ಚಾಪೆಗಳ ಮೇಲೆ ಬಿಸಿಲಿಗೆ ಹರಡಿ ಒಣಗಿಸುತ್ತಾರೆ; ಅದರಿಂದ ಬರುವ ವೈನು ಕಾಕಂಬಿಯಂತೆ ಕಪ್ಪಗೆ ಮಂದವಾಗಿದ್ದು, ಅದರ ರುಚಿಯನ್ನು ವರ್ಣಿಸುವವರು ಮೊದಲು ಎತ್ತುವ ಹೆಸರೇ ಒಣದ್ರಾಕ್ಷಿಯದು. ಇಷ್ಟು ಸುತ್ತಿ ಬಳಸಿ, ಇಷ್ಟು ಹಣ ಸುರಿದು ಅವರು ಕೊನೆಗೆ ಬಂದು ಮುಟ್ಟುವ ಸ್ಥಳ ಯಾವುದು? ತೆಲಸಂಗದ ರೈತನು ಮೊದಲಿನಿಂದ ನಿಂತಿರುವ ಸ್ಥಳವೇ!

ಆ ರೈತನ ಕೆಲಸವನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಪಠ್ಯಪುಸ್ತಕದ ಎಷ್ಟೋ ಪಾಠಗಳು ಅಲ್ಲಿ ಒಂದೇ ಚಪ್ಪರದಡಿ ನಡೆಯುತ್ತವೆ. ನಮ್ಮ ಕಡೆ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ: ಏಪ್ರಿಲಿನ ಸುಮಾರಿಗೆ ಒಮ್ಮೆ ಕಡ್ಡಿ ಬೆಳೆಯಲೆಂದು, ಅಕ್ಟೋಬರಿನ ಸುಮಾರಿಗೆ ಮತ್ತೊಮ್ಮೆ ಹಣ್ಣು ಬಿಡಲೆಂದು. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಹುಟ್ಟಿದ ತಳಿಗಳೇ ಹೆಚ್ಚು. ಹಣ್ಣು ಮಾಗಿದ ಮೇಲೆ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಅದ್ದುತ್ತಾರೆ. ಆ ನೀರಿಗೆ ಡಿಪ್ಪಿಂಗ್ ಆಯಿಲ್ ಎಂದು ರೈತರು ಕರೆಯುವ ಈಥೈಲ್ ಓಲಿಯೇಟ್ ಕೂಡ ಬೆರೆತಿರುತ್ತದೆ. ಏಕೆಂದರೆ ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿ ಬಳಿದಂತೆ ಕಾಣುವ ಮೇಣದ ಪೊರೆಯೊಂದಿದೆ. ಒಳಗಿನ ನೀರು ಆರಿಹೋಗದಂತೆ ಬಳ್ಳಿಯು ಮಾಡಿಕೊಂಡ ರಕ್ಷಣೆಯದು. ಅದ್ದಿದಾಗ ಆ ಮೇಣದ ಕಣಗಳ ಜೋಡಣೆ ಸಡಿಲಗೊಂಡು ನೀರು ಹೊರಹೋಗಲು ದಾರಿಯಾಗುತ್ತದೆ. ಬಳಿಕ ಬಲೆಯ ಅಟ್ಟಣೆಗಳನ್ನು ಒಂದರ ಮೇಲೊಂದು ಕಟ್ಟಿದ ಶೆಡ್ಡಿನಲ್ಲಿ, ನೆರಳಿನಲ್ಲಿ, ಗಾಳಿಯಾಡುವಂತೆ ಹರಡುತ್ತಾರೆ. ಸುಮಾರು ಎರಡು ವಾರಗಳಲ್ಲಿ ಮಣೂಕ ಸಿದ್ಧವಾಗುತ್ತದೆ. ಸುಮಾರು ೪ ಕಿಲೋ ಹಣ್ಣಿಗೆ ೧ ಕಿಲೋ. ಅದರಲ್ಲಿ ನೀರು ಶೇಕಡಾ ೧೫ರಷ್ಟು, ಸಕ್ಕರೆಯು ತೂಕದ ಮೂರರಲ್ಲಿ ಎರಡು ಪಾಲು. ಇಷ್ಟು ಗಟ್ಟಿಯಾದ ಸಕ್ಕರೆಯಲ್ಲಿ ಯೀಸ್ಟಿನ ಜೀವಕೋಶದಿಂದಲೇ ನೀರು ಹೊರಕ್ಕೆ ಸೆಳೆಯಲ್ಪಡುವುದರಿಂದ ಅದು ಬದುಕಲಾರದು. ಹಣ್ಣು ಕೆಡದೆ ಉಳಿಯುವ ಗುಟ್ಟು ಇದೇ. ಹುಳಿಯೂ ಸಕ್ಕರೆಯ ಜೊತೆಗೇ ಮಂದವಾಗಿ ಉಳಿಯುತ್ತದೆ. ಅದರಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಮ್ಲ, ನಮ್ಮ ಹುಣಿಸೆಹಣ್ಣಿನಲ್ಲಿರುವಂಥದೇ.

ಪ್ರಕೃತಿಯ ಒಂದು ಸೋಜಿಗವನ್ನೂ ಇಲ್ಲಿ ಹೇಳಬೇಕು. ಚಾಕೊಲೇಟಿನ ಕೊಬ್ಬು ಸುಮಾರು ೩೪ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಅಂಗೈಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗುವುದೇ ಅದರ ಹೆಚ್ಚುಗಾರಿಕೆ. ಮಾರ್ಚ್ ಏಪ್ರಿಲುಗಳಲ್ಲಿ ರಾಯಬಾಗದ ಬಿಸಿಲು ಈ ಮಿತಿಯನ್ನು ದಾಟಿಬಿಡುತ್ತದೆ. ಅಂಗಡಿಯ ಚಾಕೊಲೇಟು ಕಾಗದದೊಳಗೇ ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ, ಮೇಲೆ ಬಿಳಿಯ ಬೂಷ್ಟು ಹಿಡಿದಂತೆ ಕಾಣುತ್ತದೆ. (ಅದು ಬೂಷ್ಟಲ್ಲ, ಮೇಲಕ್ಕೆ ಬಂದು ಹರಳುಗಟ್ಟಿದ ಕೊಬ್ಬು, ತಿನ್ನಲು ಅಡ್ಡಿಯಿಲ್ಲ.) ಚಾಕೊಲೇಟನ್ನು ಕೆಡಿಸುವ ಇದೇ ಒಣ ಬಿಸಿಯೇ ಒಣದ್ರಾಕ್ಷಿಯನ್ನು ಮಾಡುತ್ತದೆ. ಕೋಕೋ ಗಿಡಕ್ಕಾದರೋ ಬೇಕಾದದ್ದು ನೆರಳು, ತೇವ. ಅದು ಬೆಳೆಯುವುದು ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ. ೧೯೮೦ರ ಸುಮಾರಿಗೆ ಕೋಕೋ ಬೆಲೆ ಕುಸಿದು ಕೊಳ್ಳುವವರು ಹಿಂದೆಗೆದಾಗ, ೧೯೭೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ ಕೋಕೋ ಕೊಳ್ಳಲು ಮುಂದಾಯಿತು; ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರಖಾನೆಯನ್ನೇ ತೆರೆಯಿತು. ಆ ಬೀಜವೂ ಹುದುಗದೆ ಚಾಕೊಲೇಟಾಗದು. ಕಾಯಿಯಿಂದ ತೆಗೆದ ಬೀಜಗಳನ್ನು ಅವುಗಳ ಬಿಳಿಯ ತಿರುಳಿನ ಸಮೇತ ಐದಾರು ದಿನ ರಾಶಿ ಹಾಕಿಟ್ಟಾಗ, ಮೊದಲು ಯೀಸ್ಟು ತಿರುಳಿನ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ, ಆಮೇಲೆ ಬ್ಯಾಕ್ಟೀರಿಯಗಳು ಮದ್ಯಸಾರವನ್ನು ಹುಳಿಯಾಗಿಸುತ್ತವೆ. ಆ ಹುಳಿ ಮತ್ತು ಬಿಸಿಯಿಂದ ಬೀಜವು ಸತ್ತು ಅದರೊಳಗೆ ಚಾಕೊಲೇಟಿನ ಪರಿಮಳಕ್ಕೆ ಬೇಕಾದ ಮೂಲದ್ರವ್ಯಗಳು ಹುಟ್ಟುತ್ತವೆ. ಯೀಸ್ಟು ತನ್ನ ಪಾಲಿನ ಕೆಲಸವನ್ನು ಚಾಕೊಲೇಟಿನಲ್ಲಿ ಒಮ್ಮೆ ಮಾಡಿ ಮುಗಿಸಿದೆ. ಅದನ್ನು ಬಟ್ಟಲಿನಲ್ಲಿ ಮತ್ತೆ ಕರೆಯುವ ಅಗತ್ಯವೇನು?

ಪುತ್ತೂರಿನ ಕಪ್ಪು ಚಾಕೊಲೇಟಿನ ತುಂಡೊಂದನ್ನು ಅಥಣಿಯ ಒಣದ್ರಾಕ್ಷಿಯೊಡನೆ ಒಂದೇ ಬಾಯಿಗೆ ಹಾಕಿಕೊಂಡಾಗ ನಡೆಯುವುದು ಬೇರೆ ಬಗೆಯ ವ್ಯಾಪಾರ. ಒಂದರ ನಂತರ ಒಂದಾಗಿ ಬಂದ ರುಚಿಗಳು ಒಂದನ್ನೊಂದು ಎತ್ತಿ ತೋರಿಸುತ್ತವೆ. ಒಟ್ಟಿಗೆ ಬಂದ ರುಚಿಗಳು ಒಂದನ್ನೊಂದು ತಗ್ಗಿಸುತ್ತವೆ. ಸಿಹಿಯು ಕಹಿಯನ್ನು ಅಡಗಿಸುವುದು ಬಾಯಲ್ಲಿ ರಾಸಾಯನಿಕ ಕ್ರಿಯೆ ನಡೆದು ಅಲ್ಲ. ಬಹುಮಟ್ಟಿಗೆ ಮೆದುಳಿನಲ್ಲಿ, ಎರಡು ಸುದ್ದಿಗಳೂ ಏಕಕಾಲಕ್ಕೆ ಬಂದು ಸೇರಿದಾಗ. ಯುಗಾದಿಯ ದಿನ ಬೇವನ್ನು ಮೊದಲು ತಿಂದು ಬೆಲ್ಲವನ್ನು ಆಮೇಲೆ ತಿನ್ನುವುದಿಲ್ಲ, ಎರಡನ್ನೂ ಕೂಡಿಸಿಯೇ ತಿನ್ನುತ್ತೇವೆ ಎಂಬುದನ್ನು ಗಮನಿಸಿರಿ. ಒಂದೇ ಬಗೆಯ ಪರಿಮಳದ್ರವ್ಯಗಳಿರುವ ಪದಾರ್ಥಗಳೇ ಚೆನ್ನಾಗಿ ಕೂಡುತ್ತವೆ ಎಂಬ ವಾದವೊಂದು ಪಶ್ಚಿಮದಲ್ಲಿ ಪ್ರಚಾರದಲ್ಲಿದೆ. ೨೦೧೫ರಲ್ಲಿ ಜೋಧಪುರದ ಐಐಟಿಯ ಸಂಶೋಧಕರು ಸುಮಾರು ೨೫೦೦ ಭಾರತೀಯ ಅಡುಗೆಗಳನ್ನು ಗಣಕಯಂತ್ರದಿಂದ ಪರಿಶೀಲಿಸಿ, ನಮ್ಮ ಅಡುಗೆಯಲ್ಲಿ ಇದಕ್ಕೆ ವಿರುದ್ಧವಾದ ಒಲವಿದೆಯೆಂದು ಕಂಡರು. ಪರಿಮಳದಲ್ಲಿ ತಮ್ಮೊಳಗೆ ಹೋಲಿಕೆ ಕಡಿಮೆ ಇರುವ ಪದಾರ್ಥಗಳನ್ನೇ ನಾವು ಹೆಚ್ಚಾಗಿ ಕೂಡಿಸುತ್ತೇವೆ. ಜೋಡಿಯ ನಿಯಮ ಲೋಕಕ್ಕೆಲ್ಲ ಒಂದೇ ಎಂದು ನಂಬಬೇಕಾದ ಕಾರಣವಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ.

ವೈನು ಹೃದಯಕ್ಕೆ ಒಳ್ಳೆಯದು, ಚಾಕೊಲೇಟು ಪ್ರೇಮವನ್ನು ಉದ್ದೀಪಿಸುತ್ತದೆ ಎಂಬ ಮಾತುಗಳನ್ನು ನಾನು ಬೇಗ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯಪಾನವನ್ನು ೧೯೮೮ರಲ್ಲಿಯೇ ಕ್ಯಾನ್ಸರಿನ ಖಚಿತ ಕಾರಣಗಳ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ನಿರಪಾಯವಾದ ಮದ್ಯದ ಪ್ರಮಾಣವೆಂಬುದು ಇಲ್ಲವೆಂದು ಸಂಸ್ಥೆಯು ೨೦೨೩ರ ಜನವರಿಯಲ್ಲಿ ಸಾರಿತು. ಚಾಕೊಲೇಟಿನಲ್ಲಿರುವ ಫಿನೈಲ್ ಈಥೈಲ್ ಅಮೀನ್ ಎಂಬ ‘ಪ್ರೇಮದ್ರವ್ಯ’ವು ತಿಂದ ಕೂಡಲೇ ಕರುಳು ಪಿತ್ತಕೋಶಗಳಲ್ಲಿಯ ಕಿಣ್ವಗಳಿಂದ ಬಹುತೇಕ ನಾಶವಾಗುತ್ತದೆ, ಮೆದುಳಿನವರೆಗೆ ಅದರ ಪ್ರಯಾಣ ಸಾಗುವುದಿಲ್ಲ. ಕೋಕೋವಿನ ಒಗರು ದ್ರವ್ಯಗಳ ಮೇಲೆ ಅಮೇರಿಕದಲ್ಲಿ ೨೧,೦೦೦ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲ ೨೦೨೨ರಲ್ಲಿ ಹೊರಬಂದಿತು. ಹೃದಯ ರಕ್ತನಾಳಗಳ ಒಟ್ಟು ಕಾಯಿಲೆಗಳಲ್ಲಿ ಖಚಿತವೆನ್ನುವಂಥ ಇಳಿತ ಕಾಣಲಿಲ್ಲ. ಆ ಕಾಯಿಲೆಗಳಿಂದಾದ ಸಾವುಗಳಲ್ಲಿ ಮಾತ್ರ ಇಳಿತ ಕಂಡಿತು. ಅಲ್ಲಿ ಕೊಟ್ಟದ್ದಾದರೂ ಕೋಕೋ ಸತ್ವದ ಗುಳಿಗೆಗಳು. ಸಕ್ಕರೆ ಕೊಬ್ಬುಗಳಿಂದ ಕೂಡಿದ ಚಾಕೊಲೇಟಲ್ಲ. ಒಣದ್ರಾಕ್ಷಿಯನ್ನೂ ಔಷಧವೆಂದು ನಾನು ಮಾರಲಾರೆ. ಅದು ಸಕ್ಕರೆಯ ಗಂಟು. ಮಧುಮೇಹಿಗಳು ಎಣಿಸಿಯೇ ತಿನ್ನಬೇಕು. ಹೊಂಬಣ್ಣ ಉಳಿಯಲೆಂದು ಅದಕ್ಕೆ ಗಂಧಕದ ಹೊಗೆ ಕೊಡುವುದುಂಟು. ಕೆಲವು ಉಬ್ಬಸದ ರೋಗಿಗಳಿಗೆ ಅದು ಆಗಿಬರುವುದಿಲ್ಲ. ಕಂದುಬಣ್ಣದ್ದು ನೋಡಲು ಚೆಂದವಿಲ್ಲದಿದ್ದರೂ ಈ ತೊಡಕಿಲ್ಲದ್ದು.

ಇನ್ನೊಂದು ವಾದ ತೂಕದ್ದು. ವೈನಿಗೆ ಬೇಡಿಕೆ ಬೆಳೆದರೆ ನಮ್ಮ ದ್ರಾಕ್ಷಿ ಬೆಳೆಗಾರನೇ ಉದ್ಧಾರವಾಗುತ್ತಾನಲ್ಲವೆ ಎಂದು ಕೇಳುವವರಿದ್ದಾರೆ. ೨೦೦೭ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿದ್ದರ ಹಿಂದೆಯೂ ಬೆಳೆಗಾರನ ಹಿತದ ಮಾತೇ ಇತ್ತು. ಆದರೆ ಒಳ್ಳೆಯ ಕೆಂಪು ವೈನಿಗೆ ಬೇಕಾದದ್ದು ಸಣ್ಣ ಕಾಯಿಯ, ದಪ್ಪ ಸಿಪ್ಪೆಯ, ಬೀಜವುಳ್ಳ ಕಪ್ಪು ಜಾತಿಗಳು. ಅಥಣಿಯ ಚಪ್ಪರಗಳಲ್ಲಿ ಹೆಚ್ಚಾಗಿ ತೂಗುವುದು ತೆಳು ಸಿಪ್ಪೆಯ, ಬೀಜವಿಲ್ಲದ ಹಸಿರು ಹಣ್ಣು. ಒಣಗಿಸಲಿಕ್ಕೆ ಇದಕ್ಕಿಂತ ತಕ್ಕದ್ದು ಇನ್ನೊಂದಿಲ್ಲ. ಅವನ್ನು ಕಿತ್ತು ಬೇರೆ ಬಳ್ಳಿ ನೆಟ್ಟು ಫಸಲಿಗಾಗಿ ವರ್ಷಗಟ್ಟಲೆ ಕಾಯಬೇಕೆಂದು ಸಾಲದಲ್ಲಿರುವ ರೈತನಿಗೆ ಹೇಳುವುದು ಸುಲಭದ ಮಾತಲ್ಲ. ಅವನ ನಿಜವಾದ ಕಷ್ಟಗಳು ಬೇರೆ: ಶೆಡ್ಡಿನಲ್ಲಿ ಮಾಲು ಹರಡಿರುವಾಗ ಬೀಳುವ ಅಕಾಲದ ಮಳೆ, ಸಾಂಗಲಿ ತಾಸಗಾಂವಗಳ ಪೇಟೆಯಲ್ಲಿ ಏರಿಳಿಯುವ ದರ, ತಣ್ಣನೆಯ ಉಗ್ರಾಣದ ಬಾಡಿಗೆ. ಒಣದ್ರಾಕ್ಷಿಯು ಹಬ್ಬಕ್ಕೆ ಹಿಡಿಯಷ್ಟು ತರುವ ಪದಾರ್ಥವಾಗಿರದೆ ಮನೆಯಲ್ಲಿ ದಿನವೂ ಇರುವ ತಿನಿಸಾದರೆ ಅವನಿಗೆ ಆಗುವ ಉಪಕಾರ ಹತ್ತಿರದ್ದು, ನಿಶ್ಚಿತವಾದದ್ದು. ಹೀಗೆಂದು ನಾನು ನಂಬುತ್ತೇನೆ. ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳು ಇದನ್ನು ಖಂಡಿಸುವುದಾದರೆ ಸಂತೋಷ.

ರುಚಿಯ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ನಂಬಬೇಕಾಗಿಲ್ಲ, ನನ್ನದನ್ನೂ ಕೂಡ. ನಾಲ್ವರು ಗೆಳೆಯರು ಸೇರಿ ಒಂದು ಸಂಜೆ ಪರೀಕ್ಷಿಸಬಹುದು. ವೈನಿನ ಬದಲಿಗೆ ಹಾಲೂ ಸಕ್ಕರೆಯೂ ಇಲ್ಲದ ಗಟ್ಟಿ ಚಹಾ ತೆಗೆದುಕೊಂಡು, ಅದು ತಣಿದ ಮೇಲೆ ಕೆಲವು ಹನಿ ಲಿಂಬೆರಸ ಹಿಂಡಿರಿ. ಒಗರು ಚಹದ್ದು, ಹುಳಿ ಲಿಂಬೆಯದು. ನಮ್ಮ ಪರೀಕ್ಷೆಗೆ ಬೇಕಾದ ಎರಡೂ ಗುಣಗಳು ಅದರಲ್ಲಿವೆ. ಒಣದ್ರಾಕ್ಷಿಯನ್ನು ತೊಳೆದು ಹತ್ತು ನಿಮಿಷ ಬೆಚ್ಚನೆಯ ನೀರಿನಲ್ಲಿ ನೆನೆಯಿಟ್ಟು ತೆಗೆಯಿರಿ. ಕಪ್ಪು ಚಾಕೊಲೇಟನ್ನು ಉಗುರಿನಗಲದ ತುಂಡುಗಳಾಗಿ ಮುರಿಯಿರಿ. ಒಬ್ಬನು ಬಡಿಸಬೇಕು, ಮೂವರು ಕಣ್ಣು ಕಟ್ಟಿಕೊಂಡು ಸವಿದು ಹತ್ತಕ್ಕೆ ಎಷ್ಟೆಂದು ಅಂಕ ಹೇಳಬೇಕು: ಬರಿಯ ಚಾಕೊಲೇಟಿಗೆ, ಚಾಕೊಲೇಟಿನ ಮೇಲೆ ಚಹಕ್ಕೆ, ಚಾಕೊಲೇಟು ಒಣದ್ರಾಕ್ಷಿಗಳ ಕೂಟಕ್ಕೆ. ಪ್ರತಿ ಸಲ ನಡುವೆ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಒಬ್ಬೊಬ್ಬರಿಗೂ ಕ್ರಮವನ್ನು ಬದಲಿಸಬೇಕು, ಇಲ್ಲವಾದರೆ ಮೊದಲ ರುಚಿಯು ಮುಂದಿನದಕ್ಕೆ ಅನ್ಯಾಯ ಮಾಡುತ್ತದೆ. ಅಂಕಗಳನ್ನು ಬರೆದಿಡುವವನು ನಡುವೆ ನಗಬಾರದು. ಬೇಸಗೆಯಾದರೆ ಚಾಕೊಲೇಟನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಒದ್ದೆಯ ಅರಿವೆ ಸುತ್ತಿ ಗಾಳಿಗಿಟ್ಟುಕೊಳ್ಳಿರಿ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವ ಕಾರಣದಿಂದಲೇ ಅದೂ ಗಟ್ಟಿಯಾಗಿ ಉಳಿಯುತ್ತದೆ.